ಬನ್ನಿಯ ಭೂಂಗಾ, ಬಿಡಿಭಾಗಗಳ ಮನೆ: ಬೇಸಿಗೆಯವರೆಗೆ ಆದ ಕೆಲಸ

ಕಳೆದ ಬಾರಿ ನಕ್ಷೆಯವರೆಗೆ ಬರೆದಿದ್ದೆ. ಈಗ ಇಟ್ಟಿಗೆ ತಯಾರಾಗಿದೆ, ಮಾದರಿಗೆ ಗೋಡೆಯ ಒಂದು ಭಾಗ ಎದ್ದಿದೆ, ಚಾವಣಿ ಇನ್ನೂ ನೆಲದ ಮೇಲೇ ಇದೆ. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾನು ಕೆಲಸಕ್ಕೆಂದು ಗುಜರಾತಿನ ಭುಜ್‌ಗೆ ಬಂದವನು. ಕಚ್ಛ್‌ನ ಬನ್ನಿ ಪ್ರದೇಶದ ಹಳ್ಳಿಗಳಿಗೆ ಹೊಂದುವಂಥ ಮನೆಯೊಂದನ್ನು ವಿನ್ಯಾಸ ಮಾಡುತ್ತಿದ್ದೇನೆ. ಭಾಗ ಭಾಗವಾಗಿ ಒಯ್ದು ಜೋಡಿಸಬೇಕು, ಬೇಕಾದಾಗ ಬೆಳೆಸಬೇಕು, ಕೆಟ್ಟರೆ ಊರಿನವರೇ ರಿಪೇರಿ ಮಾಡಬೇಕು. ರಜೆಯ ದಿನಗಳೆಲ್ಲ ಇದಕ್ಕೇ ಹೋಗುತ್ತವೆ.

ಮಾದರಿ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಇಲ್ಲಿನ ಭೂಂಗಾ ಇದೆಯಲ್ಲ, ದುಂಡನೆಯ ಮಣ್ಣಿನ ಗೋಡೆ, ಮೇಲೆ ಶಂಕುವಿನಾಕಾರದ ಹುಲ್ಲಿನ ಚಾವಣಿ. 1819ರ ದೊಡ್ಡ ಭೂಕಂಪದ ನಂತರ ಈ ಆಕಾರ ಇಲ್ಲಿ ನೆಲೆಯೂರಿತು ಎನ್ನುತ್ತಾರೆ. 2001ರ ಜನವರಿ 26ರಂದು ಭೂಮಿ ಮತ್ತೆ ನಡುಗಿದಾಗ ಸಾವಿರಾರು ಕಲ್ಲಿನ ಮನೆಗಳು ಕುಸಿದವು. ಚೆನ್ನಾಗಿ ಕಟ್ಟಿದ್ದ ಭೂಂಗಾಗಳು ಬಹುಮಟ್ಟಿಗೆ ನಿಂತವು. ದುಂಡು ಗೋಡೆಗೆ ಮೂಲೆ ಇಲ್ಲ, ಹಾಗಾಗಿ ಬಿರುಕು ಶುರುವಾಗುವ ಜಾಗವೂ ಕಡಿಮೆ. ಬಾಗಿಲು ಒಂದು, ಕಿಟಕಿ ಎರಡು, ಅವೂ ಚಿಕ್ಕವು.

ಇನ್ನೊಂದು ಗುಣ ನನಗೆ ಇದಕ್ಕಿಂತಲೂ ಮುಖ್ಯ. ಒಂದು ಕುಟುಂಬಕ್ಕೆ ಒಂದೇ ಭೂಂಗಾ ಅಲ್ಲ. ಎತ್ತರಿಸಿದ ಒಂದು ಜಗಲಿ, ಅದರ ಮೇಲೆ ಮಲಗಲು ಒಂದು, ಅಡುಗೆಗೆ ಒಂದು, ಮಗನ ಮದುವೆಯಾದರೆ ಇನ್ನೊಂದು. ಮಾಡ್ಯುಲರ್ ಅಂತ ಇವತ್ತು ಮಾರುವ ಮನೆಗಳು ಹೇಳಿಕೊಳ್ಳುವುದೂ ಇದನ್ನೇ ಅಲ್ವಾ? ಆದರೆ ಕಾರ್ಖಾನೆಯಿಂದ ಬರುವ ತಗಡು-ಥರ್ಮಕೋಲ್ ಪ್ಯಾನೆಲ್ ಪೆಟ್ಟಿಗೆ ಮರುಭೂಮಿಗೆ ಸರಿಹೋಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುವ ತೂಕ ಅದರ ಗೋಡೆಗಿಲ್ಲ. ಪ್ಯಾನೆಲ್ ಸೀಳಿದರೆ ಊರಿನಲ್ಲಿ ಬದಲಿ ಸಿಗುವುದಿಲ್ಲ. 35 ಸೆಂಟಿಮೀಟರ್ ದಪ್ಪದ ಮಣ್ಣಿನ ಗೋಡೆ ಹೊರಗಿನ ಬಿಸಿಯನ್ನು ಒಳಕ್ಕೆ ಮುಟ್ಟಿಸಲು ಸುಮಾರು 10 ಗಂಟೆ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ರಾತ್ರಿಯಾಗಿರುತ್ತದೆ, ಹೊರಗೆ ತಣ್ಣನೆ ಗಾಳಿ ಬೀಸುತ್ತಿರುತ್ತದೆ, ಕಿಟಕಿ ತೆರೆದರೆ ಸಾಕು.

ಹಾಗಾಗಿ ನನ್ನ ಘಟಕ ಒಂದು ಕೋಣೆ. ಒಳವ್ಯಾಸ 4.2 ಮೀಟರ್, ಅಂದರೆ 14 ಚದರ ಮೀಟರ್‌ಗೆ ಹತ್ತಿರ. ಅಷ್ಟೇ ಜಾಗಕ್ಕೆ ಚೌಕ ಕೋಣೆ ಕಟ್ಟಿದರೆ ಒಳಗಿನ ಗೋಡೆ 14.9 ಮೀಟರ್ ಬೇಕು. ದುಂಡಗೆ ಕಟ್ಟಿದರೆ 13.2 ಸಾಕು. ಬಿಸಿಲಿಗೆ ಒಡ್ಡುವ ಗೋಡೆಯೂ ಅಷ್ಟು ಕಡಿಮೆ.

ಈಗ ಇಟ್ಟಿಗೆಯ ವಿಷಯ. ಈ ಬಾರಿ ಜಾಸ್ತಿ ಸಮಯ ಹಿಡಿದದ್ದು ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಕೈಯಿಂದ ಒತ್ತುವ ಮೆಷಿನ್‌ನಲ್ಲಿ ಮಡ್ ಬ್ಲಾಕ್ ಮಾಡುವುದನ್ನು ನಮ್ಮ ಕಡೆ ಬಳಕೆಗೆ ತಂದಿತು. ಮರಳು ಬೆರೆಸಿ ಹದ ಮಾಡಿದ ಮಣ್ಣು, ಶೇ 7ರಷ್ಟು ಸಿಮೆಂಟ್, ಸ್ವಲ್ಪ ನೀರು, ಒಂದು ಒತ್ತು. ಸುಡುವ ಕೆಲಸವಿಲ್ಲ, ಸೌದೆ ಬೇಡ. ಅದೇ ಬಗೆಯ ಮೆಷಿನ್ ಇಲ್ಲಿ ತರಿಸಿಕೊಂಡಿದ್ದೇನೆ. ಅಚ್ಚಿನ ಅಳತೆ 305×143×100 ಮಿಲಿಮೀಟರ್.

ಇದನ್ನು ಉದ್ದಕ್ಕೆ ಒಳಹೊರಗಾಗಿ ಇಟ್ಟರೆ ಗೋಡೆ 30 ಸೆಂಟಿಮೀಟರ್ ದಪ್ಪ ಬರುತ್ತದೆ. ಎರಡೂ ಮುಖಕ್ಕೆ ಮಣ್ಣು ಸಗಣಿ ಮೆತ್ತಿದರೆ 35ಕ್ಕೆ ಹತ್ತಿರ. ಆದರೆ ಗೋಡೆ ಬಾಗುತ್ತದಲ್ಲ, ನೇರ ಇಟ್ಟಿಗೆಯಾದರೆ ಹೊರಮುಖದ ಸಂದು ಮೂರು ಸೆಂಟಿಮೀಟರ್ ದಾಟುತ್ತದೆ. ಅದನ್ನೆಲ್ಲ ಗಾರೆಯಿಂದ ತುಂಬಿದರೆ ಗೋಡೆ ದುರ್ಬಲವಾಗುತ್ತದೆ, ಸಿಮೆಂಟೂ ದಂಡ. ಅದಕ್ಕೆ ಅಚ್ಚಿನೊಳಗೆ ಎರಡು ಬದಿಗೂ ಓರೆಯಾದ ಉಕ್ಕಿನ ಪಟ್ಟಿ ಕೂರಿಸಿದೆ. ಈಗ ಇಟ್ಟಿಗೆಯ ಹೊರತುದಿ 143, ಒಳತುದಿ 123 ಮಿಲಿಮೀಟರ್. ಒಂದು ವರಸೆಗೆ 99 ಇಟ್ಟಿಗೆ, ಸಂದು ಎಲ್ಲ ಕಡೆ ಒಂದೇ ಸಮ. 2.1 ಮೀಟರ್ ಎತ್ತರಕ್ಕೆ ಬಾಗಿಲು ಕಿಟಕಿ ಕಳೆದು ಸುಮಾರು 1,700 ಇಟ್ಟಿಗೆ. ಒಂದೊಂದು ಎಂಟು ಕೆಜಿ ಹತ್ತಿರ ತೂಗುತ್ತದೆ, ಒಟ್ಟು 13 ಟನ್. ಇದನ್ನು ಸಾಗಿಸುವ ಮಾತೇ ಇಲ್ಲ. ಸಾಗಬೇಕಾದ್ದು ಮೆಷಿನ್, ಪಟ್ಟಿ, ಚಾವಣಿಯ ಭಾಗಗಳು. ಇವಿಷ್ಟು ಇಲ್ಲಿನ ಛಕಡೋ ಎಂಬ ಮೂರು ಚಕ್ರದ ಗಾಡಿಗೆ ಹಿಡಿಯಬೇಕು, ಇಬ್ಬರು ಎತ್ತುವಂತಿರಬೇಕು. ಇಡೀ ವಿನ್ಯಾಸಕ್ಕೆ ನಾನು ಹಾಕಿಕೊಂಡ ನಿಯಮ ಇದು.

ದೊಡ್ಡ ಶತ್ರು ಉಪ್ಪು. ಬನ್ನಿಯ ಮಣ್ಣಲ್ಲೂ ಉಪ್ಪು, ನೆಲದಡಿ ನೀರಲ್ಲೂ ಉಪ್ಪು. ಇಲ್ಲಿನ ದನಗಾಹಿಗಳಾದ ಮಾಲ್ಧಾರಿಗಳು ಕೆರೆಯಂಗಳದಲ್ಲಿ ‘ವೀರ್‌ಡಾ’ ಎಂಬ ಚಿಕ್ಕ ಬಾವಿ ತೋಡಿ, ಉಪ್ಪು ನೀರಿನ ಮೇಲೆ ತೇಲುವ ಮಳೆಯ ಸಿಹಿನೀರನ್ನಷ್ಟೇ ತೆಗೆಯುತ್ತಾರೆ. ಎಂಥ ತಿಳಿವಳಿಕೆ! ಅಂಥ ನೀರನ್ನು ಇಟ್ಟಿಗೆಗೆ ಸುರಿಯಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೇ ಕ್ಯೂರಿಂಗ್‌ಗೆ, ಅಂದರೆ ಇಟ್ಟಿಗೆ ಗಟ್ಟಿಯಾಗುವವರೆಗೆ ತೇವ ಉಳಿಸಲು, ಗೋಣಿ ಹೊದಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಿದ್ದೇನೆ. ಚಿಮುಕಿಸಿದ ನೀರು ಆರದೆ ಅಲ್ಲೇ ಉಳಿಯುತ್ತದೆ. ಬೇರೆ ಬೇರೆ ಕಡೆಯ ಮಣ್ಣಿನಿಂದ ಮಾಡಿದ ಇಟ್ಟಿಗೆಗಳನ್ನು ನೆನೆಸಿ ಒಣಗಿಸಿ ನೋಡಿದೆ. ಬನ್ನಿಯ ಮಣ್ಣಿನ ಇಟ್ಟಿಗೆಯ ಮೇಲೆ ಬಿಳಿ ಹಿಟ್ಟು ಎದ್ದಿತು, ಅಂಚು ಉದುರಿತು. ಇಟ್ಟಿಗೆ ಸಾಗಿಸುವುದಿಲ್ಲ ಎಂದೆನಾದರೂ ಮಣ್ಣನ್ನು ಮಾತ್ರ ಭುಜ್ ಕಡೆಯಿಂದಲೇ ತರಿಸಬೇಕು, ಬೇರೆ ದಾರಿ ಕಾಣುತ್ತಿಲ್ಲ. ಜಗಲಿಗೆ ಕಲ್ಲು, ಅದರ ಮೇಲೆ ತೇವ ಏರದಂತೆ ಒಂದು ದಪ್ಪ ಹಾಳೆ, ಆಮೇಲೆ ಮೊದಲ ವರಸೆ. ಮಳೆಗಾಲದಲ್ಲಿ ಬನ್ನಿಯ ತಗ್ಗಿನಲ್ಲಿ ನೀರು ನಿಲ್ಲುವುದರಿಂದ ಜಗಲಿ 60 ಸೆಂಟಿಮೀಟರ್‌ಗಿಂತ ಕೆಳಗಿಳಿಯುವ ಹಾಗಿಲ್ಲ.

ಗೋಡೆಯ ತಲೆಗೆ ಸುತ್ತಲೂ ಒಂದು ಪಟ್ಟಿ ಬೇಕು. ಭೂಕಂಪದಲ್ಲಿ ಗೋಡೆ ಹೊರಕ್ಕೆ ಬಿಚ್ಚಿಕೊಳ್ಳದಂತೆ ಹಿಡಿಯುವುದು ಅದೇ. ಕಾಂಕ್ರೀಟ್ ಪಟ್ಟಿಯೊಳಗಿನ ಕಬ್ಬಿಣವನ್ನು ಈ ಉಪ್ಪು ಗಾಳಿ ಬಿಡುವುದಿಲ್ಲ. ಆದ್ದರಿಂದ ಗಾಂಡೊ ಬಾವಳ್ ಮರ ಆರಿಸಿಕೊಂಡೆ. ಉಪ್ಪು ಮರುಭೂಮಿ ಹರಡದಿರಲಿ ಎಂದು 1961ರಲ್ಲಿ ಇಲ್ಲಿ ನೆಟ್ಟ ಮುಳ್ಳುಜಾಲಿ ಅದು, ಈಗ ಹುಲ್ಲುಗಾವಲನ್ನೇ ನುಂಗುತ್ತಿದೆ. ಗಟ್ಟಿ ಮರ, ಆದರೆ ಉದ್ದಕ್ಕೆ ನೇರವಾಗಿ ಸಿಗುವುದಿಲ್ಲ. ಪಟ್ಟಿಯನ್ನು ಎಂಟು ತುಂಡು ಮಾಡಿದರೆ ಒಂದೊಂದು 1.72 ಮೀಟರ್ ಬರುತ್ತದೆ, ನಡುಭಾಗ 17 ಸೆಂಟಿಮೀಟರ್ ಒಳಕ್ಕೆ ಸರಿದು ಗೋಡೆಯ ಆಚೆ ಬೀಳುತ್ತದೆ. ಹನ್ನೆರಡಾದರೆ ಒಂದೊಂದು 1.16 ಮೀಟರ್, ಒಳಸರಿತ ಎಂಟು ಸೆಂಟಿಮೀಟರ್‌ನೊಳಗೆ. ಹನ್ನೆರಡೇ ಗಟ್ಟಿಯಾಯಿತು. ಎರಡು ಪದರ, ಸಂದುಗಳು ಒಂದರ ಮೇಲೊಂದು ಬಾರದಂತೆ ಬೋಲ್ಟ್ ಹಾಕಿದ್ದೇನೆ. ಭುಜ್‌ನ ಬಡಗಿಯೊಬ್ಬರು ಕುಯ್ದು ಕೊಟ್ಟರು. ನೆಲದ ಮೇಲೆ ಜೋಡಿಸಿ ಎಳೆದು ನೋಡಿದ್ದಾಗಿದೆ, ಅಲುಗಲಿಲ್ಲ.

ಚಾವಣಿಯಲ್ಲಿ ಒಂದು ಬದಲಾವಣೆ ಆಗಿದೆ. ಭೂಂಗಾದ ಚಾವಣಿಯನ್ನು ಹೊರುವ ನಡುವಿನ ಅಡ್ಡತೊಲೆ, ಅದರ ಮೇಲಿನ ಕಂಬ ಎರಡನ್ನೂ ತೆಗೆದು, ಬಿದಿರಿನ ಗಳಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುವ ಯೋಚನೆ ಇತ್ತು. ನೋಡಲು ಬಲು ಚಂದ. ಆದರೆ ಒಂದು ಗಳ ಜಾರಿದರೆ ಉಳಿದವೂ ಬೀಳುತ್ತವೆ. ಬನ್ನಿಯ ಹೋಡ್ಕಾ ಹಳ್ಳಿಯ ಹಿರಿಯ ಹೆಂಗಸೊಬ್ಬರಿಗೆ ಮಾದರಿ ತೋರಿಸಿದೆ. ಅವರು ಕೇಳಿದ್ದು ಒಂದೇ: “ಇದರಲ್ಲಿ ಒಂದು ಕೋಲು ಹುಳ ತಿಂದರೆ ಅದೊಂದನ್ನೇ ಬದಲಿಸೋಕೆ ಬರುತ್ತೇನಪ್ಪ?” ಬರುವುದಿಲ್ಲ. ಹಾಗಾಗಿ ಹಳೆಯ ಅಡ್ಡತೊಲೆ, ಕಂಬ ಹಾಗೇ ಉಳಿದವು. ಗಳಗಳ ತುದಿ ಕಂಬದ ತಲೆಯ ಬಳೆಯಲ್ಲಿ ಕೂರುತ್ತದೆ, ಯಾವುದನ್ನಾದರೂ ಬಿಡಿಯಾಗಿ ಹೊರಗೆಳೆಯಬಹುದು.

ಮುಂದಿನ ಕೆಲಸ ಜಗಲಿಯ ಕಲ್ಲು. ಅದಾದ ಮೇಲೆ ಪೂರ್ತಿ ಒಂದು ಸುತ್ತು ಗೋಡೆ, ಒಳಗೂ ಹೊರಗೂ ತಾಪಮಾಪಕ. ಬಾಗಿಲ ಚೌಕಟ್ಟನ್ನು ಬಾಗಿದ ಗೋಡೆಗೆ ಕೂರಿಸುವುದು ಇನ್ನೂ ಬಗೆಹರಿದಿಲ್ಲ. ನೇರ ಚೌಕಟ್ಟಿನ ಎರಡೂ ಬದಿಗೆ ಬೇರೆ ಅಚ್ಚಿನ ಇಟ್ಟಿಗೆ ಬೇಕಾಗಬಹುದು. ದುಂಡು ಗೋಡೆಗೆ ಬಾಗಿಲು ಕೂರಿಸಿದ ಅನುಭವ ಇರುವ ಮೇಸ್ತ್ರಿಗಳು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಹೇಳಿ, ಅಚ್ಚು ಮಾಡಿಸುವ ಮುನ್ನ ತಿಳಿದರೆ ಒಳ್ಳೆಯದು.