ಫಿನ್ಶ್‌ಗಾವ್ ಕಣಿವೆಗೆ ಸೈಕಲ್ ಒಯ್ಯುವವರಿಗೆ: ಬಸ್ಸು ನಂಬಬೇಡಿ, ಬ್ರೆಡ್ಡು ಬಿಡಬೇಡಿ

ಆಸ್ಟ್ರಿಯಾದ ಲಾಂಡೆಕ್ ಸ್ಟೇಷನ್ ಹೊರಗೆ ಬಸ್ಸು ನಿಂತಿತ್ತು. ಹಿಂದೆ ಐದು ಸೈಕಲ್ ಹಿಡಿಸುವ ಸ್ಟ್ಯಾಂಡು. ಐದೂ ಭರ್ತಿ. ಡ್ರೈವರ್ ನಮ್ಮಿಬ್ಬರ ಸೈಕಲ್ ನೋಡಿ, ನಮ್ಮನ್ನು ನೋಡಿ, ಬಾಗಿಲು ಹಾಕಿಕೊಂಡು ಹೋದ. ಮುಂದಿನ ಬಸ್ಸಿಗೆ ಕಾದೆವು. ಅದಕ್ಕೆ ಸ್ಟ್ಯಾಂಡೇ ಇರಲಿಲ್ಲ. ಜೊತೆಗಿದ್ದ ಹುಬ್ಬಳ್ಳಿ ಗೆಳೆಯ, "ನಮ್ಮೂರ ಬಸ್ಸಾಗಿದ್ರ ಟಾಪ್ ಮ್ಯಾಲೆ ಒಗೆದು ಹೊಂಟಿರ್ತಿದ್ವಿ" ಅಂದ. ಆಗ ಮಧ್ಯಾಹ್ನ ಹನ್ನೆರಡು. ಬೆಳಿಗ್ಗೆ ಕತ್ತಲಲ್ಲೇ ಮ್ಯೂನಿಕ್ ಬಿಟ್ಟವರು ನಾವು.

ಹೋಗಬೇಕಿದ್ದದ್ದು ಇಟಲಿಯ ದಕ್ಷಿಣ ಟಿರೋಲ್‌ನ ಫಿನ್ಶ್‌ಗಾವ್ ಕಣಿವೆಗೆ. ಆಲ್ಪ್ಸ್ ನಡುವೆ ಇದ್ದರೂ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ. ಸುತ್ತಲಿನ ಎತ್ತರದ ಬೆಟ್ಟಗಳು ಮೋಡ ತಡೆದುಬಿಡುತ್ತವೆ. ಚಳ್ಳಕೆರೆ ಕಡೆಯವರಿಗೆ ಇದು ಹೊಸದಲ್ಲ. ಬೇರೆ ಕಣಿವೆಗಳಲ್ಲಿ ಕೆಸರು, ಹಿಮ ಇರುವಾಗಲೂ ಇಲ್ಲಿ ಒಣ ನೆಲ ಸಿಗುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೂ ಮೌಂಟನ್ ಬೈಕ್‌ನವರು ಇಲ್ಲಿಗೆ ಬರುವುದು ಅದಕ್ಕೇ. ನಾವು ಹೋದದ್ದು ಅಕ್ಟೋಬರ್ ಮೊದಲ ವಾರ.

ಬಸ್ಸಿನ ಆಸೆ ಬಿಟ್ಟು ತುಳಿಯಲು ಶುರು ಮಾಡಿದೆವು. ದಾರಿ ಚೆನ್ನಾಗಿಯೇ ಇದೆ. ಲಾಂಡೆಕ್‌ನಿಂದ ಇನ್ ನದಿ ಪಕ್ಕದಲ್ಲಿ ಹಳೆಯ ರೋಮನ್ ರಸ್ತೆಯ ಹೆಸರು ಹೊತ್ತ ಸೈಕಲ್ ಮಾರ್ಗವಿದೆ, ವಿಯಾ ಕ್ಲೌಡಿಯಾ ಆಗಸ್ಟಾ. ಸ್ವಲ್ಪ ದೂರ ಸ್ವಿಟ್ಜರ್ಲೆಂಡಿಗೆ ಕಾಲಿಟ್ಟು, ಮಾರ್ಟಿನಾ ಅನ್ನುವ ಹಳ್ಳಿಯಿಂದ ಹನ್ನೊಂದು ತಿರುವು ಹತ್ತಿ, ಮತ್ತೆ ಆಸ್ಟ್ರಿಯಾದ ನೌಡರ್ಸ್‌ಗೆ ಇಳಿಯಬೇಕು. ರೋಡ್ ಸೈಕಲ್ ಇದ್ದವರಿಗೆ ಹಬ್ಬ. ನಮ್ಮದು ದಪ್ಪ ಟೈರಿನ, ಮುಂದೆ ಹಿಂದೆ ಸಸ್ಪೆನ್ಷನ್ ಇರುವ ಸೈಕಲ್. ಡಾಂಬರಿನ ಮೇಲೆ ಅದು ಎಮ್ಮೆ ಎಳೆದಂತೆ. ಬೆನ್ನಿಗೆ ಹತ್ತು ಕೆಜಿ ಚೀಲ ಬೇರೆ. ನೌಡರ್ಸ್ ಮುಟ್ಟುವಾಗ ಕತ್ತಲಾಗಿತ್ತು. ಅಲ್ಲೇ ಒಂದು ರೂಮು ಹಿಡಿದೆವು. ಕಣಿವೆಯ ಲಾಟ್ಚ್ ಊರಿನಲ್ಲಿ ಬುಕ್ ಮಾಡಿದ್ದ ಮೊದಲ ರಾತ್ರಿಯ ದುಡ್ಡು ಹೋಯಿತು.

ಆ ಲಾಟ್ಚ್ ರೂಮಿನ ಕತೆಯನ್ನೂ ಹೇಳಿಬಿಡುತ್ತೇನೆ. ರಾತ್ರಿಗೆ ಇಬ್ಬರಿಗೆ 148 ಯೂರೋ. ಜಾಹೀರಾತಿನಲ್ಲಿ "ಸೈಕಲ್ ಸವಾರರಿಗೆ ಸ್ವಾಗತ" ಅಂತಿತ್ತು. ಸೈಕಲ್ ಇಡುವ ನೆಲಮಾಳಿಗೆಗೆ ಸಂಜೆ ಆರಕ್ಕೆ ಬೀಗ, ಬೆಳಿಗ್ಗೆ ಒಂಬತ್ತಕ್ಕೆ ತೆರೆಯುವುದು. ಒಂಬತ್ತಕ್ಕೆ ಸೈಕಲ್ ಸಿಕ್ಕರೆ ಕೇಬಲ್ ಕಾರ್ ಮುಂದೆ ಜನ ಸೇರಿರುತ್ತಾರೆ, ಅಲ್ವಾ? ಸೈಕಲ್ ತೊಳೆಯುವ ಪೈಪಿಗೆ ಬೇರೆ ದುಡ್ಡು. ಕೊನೆಗೆ ರೂಮು ಗುಡಿಸಿದ್ದಕ್ಕೂ ಬೇರೆ ದುಡ್ಡು. ಪ್ರವಾಸಿ ತೆರಿಗೆ ಎಲ್ಲ ಕಡೆಯೂ ಇದೆ, ಅದು ಬಿಡಿ. ಎರಡು ರಾತ್ರಿ ಕಳೆದು, ರೈಲ್ವೆ ಸ್ಟೇಷನ್ ಹತ್ತಿರ ಒಂದು ಸೇಬಿನ ತೋಟದವರ ಮನೆಗೆ ಬದಲಾಯಿಸಿದೆವು. ಅರ್ಧ ಬೆಲೆ. ಸೈಕಲ್ ಟ್ರ್ಯಾಕ್ಟರ್ ಶೆಡ್ಡಿನಲ್ಲಿ, ಬೀಗವೇ ಇಲ್ಲ. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಬೆಳಿಗ್ಗೆ ಏಳಕ್ಕೆ ಸೈಕಲ್ ಸಿಗುತ್ತದಾ?

ಇನ್ನೊಂದು ಮಾತು. ಇಲ್ಲಿ ಪ್ರತಿ ಊರಿಗೂ ಎರಡು ಹೆಸರು. ಮೊದಲ ಮಹಾಯುದ್ಧದವರೆಗೆ ಇದು ಆಸ್ಟ್ರಿಯಾ, ಆಮೇಲೆ ಇಟಲಿ. ಜನರ ಮಾತು ಈಗಲೂ ಹೆಚ್ಚಾಗಿ ಜರ್ಮನ್. ಲಾಟ್ಚ್ ಅಂದರೂ ಲಾಚೆಸ್ ಅಂದರೂ ಒಂದೇ ಊರು. ಶ್ಲಾಂಡರ್ಸ್ ಅಂದರೆ ಸಿಲಾಂದ್ರೋ. ಟಿಕೆಟ್ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ, ನನ್ನ ಗೆಳೆಯನ ಹಾಗೆ "ಈ ಊರೇ ಇಲ್ಲಲೇ" ಅನ್ನಬೇಡಿ.

ಈಗ ಟ್ರೇಲ್‌ಗಳ, ಅಂದರೆ ಸೈಕಲ್ ಇಳಿಸುವ ಬೆಟ್ಟದ ಕಾಲುದಾರಿಗಳ ವಿಷಯ. ಕಣಿವೆ ಪೂರ್ವ ಪಶ್ಚಿಮವಾಗಿ ಮಲಗಿದೆ. ಉತ್ತರದ ಗೋಡೆಗೆ ದಿನವಿಡೀ ಬಿಸಿಲು, ಹೆಸರು ಸೊನ್ನೆನ್‌ಬರ್ಗ್. ಸೂರ್ಯನ ಬೆಟ್ಟ ಅಂತ ಅರ್ಥ. ನಾವು ಕನ್ನಡದಲ್ಲೇ ಅರ್ಥ ಮಾಡಿಕೊಂಡೆವು: ನೀರು ಸೊನ್ನೆ, ನೆರಳು ಸೊನ್ನೆ. ಎದುರಿನದು ನೋರ್ಡರ್‌ಬರ್ಗ್. ಕಾಡು, ತಂಪು, ಮೆತ್ತಗಿನ ಮಣ್ಣು. ಫೋಟೋಗಳಲ್ಲಿ ಬರುವುದೆಲ್ಲ ಬಿಸಿಲಿನ ಬೆಟ್ಟ. ನನಗೆ ಹಿಡಿಸಿದ್ದು ನೆರಳಿನ ಬೆಟ್ಟ.

ಲಾಟ್ಚ್‌ನಿಂದ ಬಿಸಿಲಿನ ಬೆಟ್ಟದ ಮೇಲಿರುವ ಸಾಂಕ್ಟ್ ಮಾರ್ಟಿನ್‌ಗೆ ಒಂದು ಚಿಕ್ಕ ಕೇಬಲ್ ಕಾರ್ ಇದೆ. ಕೆಲವೇ ನಿಮಿಷದಲ್ಲಿ 1,000 ಮೀಟರ್‌ಗೂ ಹೆಚ್ಚು ಮೇಲೆ ಒಯ್ಯುತ್ತದೆ. ಡಬ್ಬ ಚಿಕ್ಕದು, ಒಂದು ಸಲಕ್ಕೆ ಕೆಲವೇ ಸೈಕಲ್. ಬೆಟ್ಟದ ಮೇಲಿನ ಮನೆಗಳವರಿಗೂ ಇದೇ ದಾರಿ. ತರಕಾರಿ ಚೀಲ ಹಿಡಿದ ಅಜ್ಜಿ ಬಂದರೆ ಸುಮ್ನೆ ಜಾಗ ಬಿಡಿ. ಬೆಳಿಗ್ಗೆ ಮೊದಲ ಡಬ್ಬ ಹಿಡಿದರೆ ಸಂತೆ ಇಲ್ಲ. ನನಗೆ ಕ್ಯೂ ಅಂದರೆ ಆಗದು, ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ. ಲಿಫ್ಟು, ಜನ, ಸಂಗೀತ ಎಲ್ಲ ಇಷ್ಟವಿದ್ದವರು ನೌಡರ್ಸ್, ರೆಷೆನ್ ಕಡೆ ಮೂರು ದೇಶಗಳಲ್ಲಿ ಹರಡಿರುವ ಎಂಡ್ಯೂರೋ (ಉದ್ದ ಇಳಿಜಾರಿನ ಸವಾರಿಯ) ಟ್ರೇಲ್‌ಗಳಿಗೆ ಹೋಗಬಹುದು. ನಾವು ಹೋಗಲಿಲ್ಲ.

ಸಾಂಕ್ಟ್ ಮಾರ್ಟಿನ್‌ನಿಂದ ಇಳಿಯುವ ಚಿಲ್ಲಿ ಟ್ರೇಲ್‌ಗೂ ಮೆಣಸಿನಕಾಯಿಗೂ ಸಂಬಂಧವಿಲ್ಲ. ಖಾರ ಮಾತ್ರ ಇದೆ. ಕಾಲುದಾರಿ ಒಂದು ಹ್ಯಾಂಡಲ್‌ಬಾರಿನ ಅಗಲ. ಎಡಕ್ಕೆ ಒಣ ಹುಲ್ಲು, ಬಲಕ್ಕೆ ಕೆಳಗೆ ಸೇಬಿನ ತೋಟ, ಅಲ್ಲಿಯವರೆಗೂ ತಡೆಯಲು ಏನೂ ಇಲ್ಲ. ನಾನು ಸೈಕಲ್ ಕಲಿತದ್ದು ಬೆಂಗಳೂರಿನ ತುರಹಳ್ಳಿ ಬಂಡೆಗಳ ಮೇಲೆ. ಬಂಡೆಗೆ ಹೆದರುವುದಿಲ್ಲ. ಹೆದರಿಸಿದ್ದು ತಿರುವುಗಳು. ಎಷ್ಟು ಚಿಕ್ಕ ತಿರುವು ಅಂದರೆ ಸೈಕಲ್ ಉದ್ದಕ್ಕೆ ತಿರುಗುವುದೇ ಇಲ್ಲ. ಮುಂದಿನ ಬ್ರೇಕು ಹಿಡಿದು, ಮೈ ಮುಂದಕ್ಕೆ ತಂದು, ಹಿಂದಿನ ಚಕ್ರ ಎತ್ತಿ ಪಕ್ಕಕ್ಕೆ ಇಡಬೇಕು. ಮೊದಲ ದಿನ ಹತ್ತರಲ್ಲಿ ಎಂಟು ತಿರುವಿನಲ್ಲಿ ನಾನು ಇಳಿದು ನಡೆದೆ. ಒಂಬತ್ತನೆಯದರಲ್ಲಿ ಧೈರ್ಯ ಮಾಡಿದೆ. ಚಕ್ರ ಎದ್ದಿತು, ಇಳಿಯುವಾಗ ಕಲ್ಲಿನ ಮೇಲೆ ಜಾರಿತು. ನಾನು ಗುಡ್ಡದ ಕಡೆಗೇ ಬಿದ್ದೆ, ಪುಣ್ಯ. ಎಡ ಮಣಿಕಟ್ಟು ಸಂಜೆಗೆ ಊದಿತ್ತು.

ಈ ಕಡೆ ಹೋಗುವವರು ಮೂರು ಲೀಟರ್ ನೀರು ಹೊರಿ, ದಾರಿಯಲ್ಲಿ ನಲ್ಲಿ ಸಿಗುವುದಿಲ್ಲ. ಮುಳ್ಳಿನ ಪೊದೆ ಜಾಸ್ತಿ, ಟ್ಯೂಬ್‌ಲೆಸ್ ಟೈರ್ ಇಲ್ಲದಿದ್ದರೆ ದಿನವಿಡೀ ಪಂಕ್ಚರ್ ಅಂಗಡಿ ನಿಮ್ಮದೇ. ಬ್ರೇಕ್ ಪ್ಯಾಡ್ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ. ನನ್ನದು ಎರಡನೇ ದಿನ ಸವೆದು ಕಬ್ಬಿಣ ಕಿರುಚಿತು. ಅಂಗಡಿಗೆ ಓಡಿದರೆ ಬಾಗಿಲು ಹಾಕಿತ್ತು. ಇಲ್ಲಿ ಮಧ್ಯಾಹ್ನ ಹೆಚ್ಚಿನ ಅಂಗಡಿಗಳು ಎರಡು ಮೂರು ಗಂಟೆ ಮಲಗುತ್ತವೆ. ಭಾನುವಾರ ಕೇಳಲೇಬೇಡಿ.

ನೆರಳಿನ ಬೆಟ್ಟದಲ್ಲಿ ಎರಡು ಟ್ರೇಲ್ ಮಾಡಿದೆವು. ಲಾಟ್ಚ್ ಮೇಲಿನ ರೋಟ್‌ಬ್ರುನ್ ಬೇರುಗಳ ಮೇಲೆ ಕುಣಿಸುತ್ತ ಇಳಿಸುತ್ತದೆ. ಶ್ಲಾಂಡರ್ಸ್ ಹತ್ತಿರದ ಹೋಲಿ ಹಾನ್ಸೆನ್ ಅನ್ನು ಸೈಕಲ್‌ಗೆಂದೇ ಕಟ್ಟಿದ್ದಾರೆ. ತಿರುವುಗಳಿಗೆ ಮಣ್ಣಿನ ಒರಗು ಕೊಟ್ಟಿದ್ದಾರೆ, ಬ್ರೇಕ್ ಬಿಟ್ಟರೆ ಸೈಕಲ್ ತಾನೇ ಹರಿಯುತ್ತದೆ. ಅಲ್ಲಿಗೆ ಲಿಫ್ಟ್ ಇಲ್ಲ. ಶಟಲ್ ವ್ಯಾನ್ ಹಿಡಿಯಬೇಕು ಅಥವಾ ಕಾಡಿನ ರಸ್ತೆಯಲ್ಲಿ ತುಳಿಯಬೇಕು. ನಾವು ತುಳಿದೆವು. ಜನ ಕಡಿಮೆ ಇದ್ದದ್ದು ಅದಕ್ಕೇ ಇರಬೇಕು. ಆರಂಭದವರು ಇಲ್ಲಿಂದಲೇ ಶುರು ಮಾಡಿ. ಸೊನ್ನೆನ್‌ಬರ್ಗ್ ಮೂರನೇ ದಿನಕ್ಕಿರಲಿ.

ಮಣಿಕಟ್ಟು ಊದಿದ್ದರಿಂದ ಒಂದು ದಿನ ಸೈಕಲ್ ಬಿಟ್ಟು ನಡೆದೆವು. ಲಾಟ್ಚ್‌ನಿಂದ ಕಾಸ್ಟೆಲ್‌ಬೆಲ್ ಕಡೆಗೆ ಒಂದು ಹಳೆಯ ಕಾಲುವೆಯ ದಂಡೆ. ಮಳೆ ಇಲ್ಲದ ಈ ಕಣಿವೆಯಲ್ಲಿ ಶತಮಾನಗಳಿಂದ ಹಿಮದ ನೀರನ್ನು ಇಂಥ ಕಾಲುವೆಗಳಲ್ಲಿ ತೋಟಕ್ಕೆ ತರುತ್ತಾರೆ. ಕಾಲುವೆಗೆ ವಾಲ್ ಅನ್ನುತ್ತಾರೆ, ನೋಡಿಕೊಳ್ಳುವವನು ವಾಲರ್. ಅಂದರೆ ನಮ್ಮ ನೀರುಗಂಟಿ. ಇಂಥ ಕಾಲುವೆಗಳಲ್ಲಿ ಅಲ್ಲಲ್ಲಿ ಒಂದು ಪುಟ್ಟ ಮರದ ಚಕ್ರ ಇಡುತ್ತಾರೆ. ನೀರು ಅದನ್ನು ತಿರುಗಿಸುತ್ತದೆ, ಚಕ್ರ ಒಂದು ಸುತ್ತಿಗೆ ಎತ್ತಿ ಬಿಡುತ್ತದೆ, ಟಕ್, ಟಕ್. ಸದ್ದು ಕೇಳುವವರೆಗೂ ನೀರುಗಂಟಿ ಮಲಗಬಹುದು. ಸದ್ದು ನಿಂತಿತೆಂದರೆ ಮೇಲೆ ಎಲ್ಲೋ ಕಾಲುವೆ ಒಡೆದಿದೆ ಅಥವಾ ಕಟ್ಟಿಕೊಂಡಿದೆ, ಸಲಿಕೆ ಹಿಡಿದು ಓಡಬೇಕು. ಈ ದಂಡೆಗಳ ಮೇಲೆ ಮಾತ್ರ ಸೈಕಲ್ ಓಡಿಸಬೇಡಿ. ಸಮತಟ್ಟಾಗಿದೆ ಅಂತ ಆಸೆಯಾಗುತ್ತದೆ. ಅವು ನಡೆಯುವವರಿಗೆ.

ಆ ದಿನ ಹಸಿದು ದಾರಿ ಬಿಟ್ಟು ಹತ್ತಿದಾಗ ಸಿಕ್ಕಿದ್ದು ಒಂದು ರೈತರ ಮನೆ. ಅಂಗಳದಲ್ಲಿ ನಾಲ್ಕು ಬೆಂಚು, ಮೆನು ಒಂದು ಸ್ಲೇಟಿನ ಮೇಲೆ. ಇಂಥ ಮನೆಗಳಿಗೆ ಬುಶೆನ್‌ಶಾಂಕ್ ಅನ್ನುತ್ತಾರೆ, ತಾವು ಬೆಳೆದದ್ದನ್ನೇ ಬಡಿಸುತ್ತಾರೆ. ಸಸ್ಯಾಹಾರಿ ಅಂದೆ. ಇಲ್ಲಿ ಆ ಮಾತು ಹೇಳಿದರೆ ಕೆಲವರು ಹಂದಿ ಮಾಂಸದ ಚೂರು ಆರಿಸಿ ತೆಗೆದು ಅದೇ ತಟ್ಟೆ ಕೊಡುತ್ತಾರೆ, ಜೋಪಾನ. ಈ ಅಮ್ಮ ಶ್ಲುಟ್ಸ್‌ಕ್ರಾಪ್‌ಫೆನ್ ತಂದಳು. ಅರ್ಧಚಂದ್ರದ ಆಕಾರ, ತೆಳ್ಳಗಿನ ಹಿಟ್ಟು, ಒಳಗೆ ಪಾಲಕ್ ಮತ್ತು ಗಿಣ್ಣಿನಂಥ ಮೊಸರುಗಟ್ಟಿ, ಮೇಲೆ ಕಂದು ಬಣ್ಣಕ್ಕೆ ಬಂದ ಬೆಣ್ಣೆ. ಕರ್ಜಿಕಾಯಿಯನ್ನು ಕರಿಯದೆ ಬೇಯಿಸಿದರೆ ಹೇಗೋ ಹಾಗೆ. ಆಮೇಲೆ ಒಂದು ಬುಟ್ಟಿಯಲ್ಲಿ ಬ್ರೆಡ್ಡು ಇಟ್ಟಳು. ಎರಡು ದುಂಡನೆ ರೈ ಬ್ರೆಡ್ಡು ಒಂದಕ್ಕೊಂದು ಅಂಟಿಕೊಂಡಿವೆ, ಅವಳಿ ಮಕ್ಕಳ ಹಾಗೆ. ಮುರಿದು ಮೂಗಿಗೆ ಹಿಡಿದೆ. ಮೆಂತ್ಯ! ಗೆಳೆಯನಿಗೆ ಕೊಟ್ಟೆ. ಅವನೂ ಮೂಸಿ, "ಅವ್ವನ ಉಪ್ಪಿನಕಾಯಿ ಡಬ್ಬಿ" ಅಂದ.

ಅದು ಮೆಂತ್ಯದ ದಾಯಾದಿ. ನೀಲಿ ಹೂವಿನ ಗಿಡ, ಒಣಗಿಸಿ ಪುಡಿ ಮಾಡಿ ಹಿಟ್ಟಿಗೆ ಹಾಕುತ್ತಾರೆ. ಬ್ರೆಡ್ಡಿನ ಹೆಸರು ಫಿನ್ಶ್‌ಗರ್ ಪಾರ್ಲ್. ಕಣಿವೆಯ ಮೇಲ್ಭಾಗದ ಬುರ್ಗೈಸ್ ಊರಿನ ಮರಿಯೆನ್‌ಬರ್ಗ್ ಮಠದ ಸನ್ಯಾಸಿಗಳಿಂದ ಬಂದ ರೂಢಿ ಅಂತ ಹೇಳುತ್ತಾರೆ. ನೌಡರ್ಸ್‌ನಿಂದ ಇಳಿಯುವಾಗ, ಕೆರೆಯಲ್ಲಿ ಮುಳುಗಿದ ಊರಿನ ಗಂಟೆಗೋಪುರ ದಾಟಿದ ಮೇಲೆ, ಬೆಟ್ಟದಲ್ಲಿ ಬೆಳ್ಳಗೆ ಕಂಡಿದ್ದು ಅದೇ ಮಠ. ಎರಡು ತಟ್ಟೆ, ಬ್ರೆಡ್ಡು, ಸೇಬಿನ ರಸ ಸೇರಿ ಇಬ್ಬರಿಗೆ 27 ಯೂರೋ. ಕಾರ್ಡ್ ನಡೆಯುವುದಿಲ್ಲ, ನೋಟು ಇಟ್ಟುಕೊಳ್ಳಿ. ಉಳಿದ ದಿನಗಳಲ್ಲಿ ಮೂರು ಸಲ ಅಲ್ಲಿಗೇ ಹೋದೆವು.

ವಾಪಸ್ ಬರುವಾಗ ಲಾಂಡೆಕ್ ದಾರಿಯ ಹೆಸರೂ ಎತ್ತಲಿಲ್ಲ. ಕಣಿವೆಯೊಳಗೇ ರೈಲು ಇದೆ, ಮಾಲ್ಸ್‌ನಿಂದ ಮೆರಾನ್‌ವರೆಗೆ. 1906ರಲ್ಲಿ ಹಾಕಿದ ಹಳಿ, 1990ರಲ್ಲಿ ಮುಚ್ಚಿ, 2005ರಲ್ಲಿ ಮತ್ತೆ ತೆರೆದರು. ಅದರಲ್ಲೂ ಸೈಕಲ್ ಜಾಗ ಕಡಿಮೆ, ಬೆಳಿಗ್ಗೆ ಬೇಗ ಹೋಗಿ. ಹಳಿ ಕೆಲಸ ಇದ್ದರೆ ಸ್ವಲ್ಪ ದೂರ ಬಸ್ಸು ಬಿಡುತ್ತಾರೆ. ಬಸ್ಸು ಅಂದರೆ ಏನು ಅಂತ ನಿಮಗೀಗ ಗೊತ್ತು, ಹೊರಡುವ ಮೊದಲು ವಿಚಾರಿಸಿ. ಮೆರಾನ್‌ನಿಂದ ಬೊಲ್ಜಾನೊ, ಅಲ್ಲಿಂದ ಬ್ರೆನ್ನರ್ ಮೇಲೆ ಮ್ಯೂನಿಕ್‌ಗೆ ನೇರ ರೈಲು. ಅದಕ್ಕೆ ಸೈಕಲ್‌ಗೂ ಸೀಟಿನ ಹಾಗೆ ಮೊದಲೇ ರಿಸರ್ವೇಷನ್ ಮಾಡಿಸಬೇಕು. ನಾವು ಮಾಡಿಸಿದ್ದೆವು. ಗಡಿಯಲ್ಲಿ ಪೊಲೀಸರು ಹತ್ತಿ ಪಾಸ್‌ಪೋರ್ಟ್ ಕೇಳಿದರು, ಅದೂ ಜೇಬಲ್ಲಿರಲಿ. ನನ್ನ ಚೀಲದ ಕಡೆ ಬಗ್ಗಿ ಏನು ವಾಸನೆ ಅಂತಲೂ ಕೇಳಿದರು. ಆರು ಜೋಡಿ ಬ್ರೆಡ್ಡು ತೆಗೆದು ತೋರಿಸಿದೆ.