ಅರ್ಧ ಗಂಟೆಯ ಆಲ್ಬಂ, ವರ್ಷದ ಕೆಲಸ: ಡ್ರಮ್ಸ್ ಅಭ್ಯಾಸದ ದಿನಚರಿ

ಕೈಗೆತ್ತಿಕೊಂಡಿರುವುದು ಇಷ್ಟು: ಅಮೆರಿಕದ ಥ್ರ್ಯಾಶ್ ಮೆಟಲ್ (ಅತಿವೇಗದ ಹೆವಿ ಮೆಟಲ್) ತಂಡ ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಆಲ್ಬಂನ ಹತ್ತೂ ಹಾಡುಗಳನ್ನು ನಡುವೆ ನಿಲ್ಲಿಸದೆ ಡ್ರಮ್ಸ್‌ನಲ್ಲಿ ನುಡಿಸುವುದು. 1986ರ ಅಕ್ಟೋಬರ್‌ನಲ್ಲಿ ಬಂದ ಈ ಆಲ್ಬಂ 29 ನಿಮಿಷದೊಳಗೆ ಮುಗಿದುಹೋಗುತ್ತದೆ. ಕ್ಯಾಸೆಟ್ಟಿನ ಒಂದೇ ಬದಿಗೆ ಪೂರ್ತಿ ಹಿಡಿಸಿದ್ದರಿಂದ ಎರಡನೆಯ ಬದಿಗೂ ಅದನ್ನೇ ತುಂಬಿ ಮಾರಿದ್ದರು. ಕೇಳುವವರಿಗೆ ಅರ್ಧ ಗಂಟೆಯ ಸಂಗತಿ, ಮೊಣಕಾಲಿನ ಲೆಕ್ಕವೇ ಬೇರೆ.

ಮೇ

ನುಡಿಸಿದ್ದಕ್ಕಿಂತ ಬಡಗಿ ಕೆಲಸ ಮಾಡಿದ್ದೇ ಹೆಚ್ಚು. ಎಲೆಕ್ಟ್ರಾನಿಕ್ ಕಿಟ್ ಆದರೂ ಪೆಡಲ್‌ನ ಗುದ್ದು ನೆಲದ ಮೂಲಕ ಕೆಳಮನೆಗೆ ಇಳಿಯುತ್ತದೆ. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿ, ಮೇಲೆ ಕಿಟ್ ಇಟ್ಟೆ. ಚೆಂಡು ಉರುಳದಿರಲು ಹಲಗೆಯಲ್ಲಿ ಅದರ ವ್ಯಾಸಕ್ಕಿಂತ ಸಣ್ಣ ತೂತು ಕೊರೆಯಬೇಕು. ಈಗ ಮಿಕ್ಸಿ ಸದ್ದಿನಷ್ಟೂ ಕೇಳಿಸುವುದಿಲ್ಲ ಎಂದು ಕೆಳಮನೆಯ ಅಜ್ಜಿ ಅಭಯ ಕೊಟ್ಟಿದ್ದಾರೆ.

ಜೂನ್

ಥ್ರ್ಯಾಶ್‌ನ ಮೂಲ ಬೀಟ್: ಬೇಸ್ ಡ್ರಮ್ (ಪೆಡಲ್ ತುಳಿದು ನುಡಿಸುವ ದೊಡ್ಡ ಡ್ರಮ್) ಒಂದು, ಸ್ನೇರ್ (ಕೋಲಿನಿಂದ ನುಡಿಸುವ, ಚಟಾರನೆ ಸಿಡಿಯುವ ಡ್ರಮ್) ಒಂದು, ಉಸಿರು ಬಿಡಲು ಜಾಗವಿಲ್ಲದ ಹಾಗೆ. ಇದು ಪಂಕ್ ರಾಕ್‌ನ ವೇಗದ, ಒರಟು ರೂಪವಾದ ಹಾರ್ಡ್‌ಕೋರ್ ಪಂಕ್‌ನಿಂದ ಬಂದದ್ದು. ತಂಡಕ್ಕೆ ಪಂಕ್ ಹುಚ್ಚು ಹತ್ತಿಸಿದವರು ಗಿಟಾರ್ ವಾದಕ ಜೆಫ್ ಹ್ಯಾನಿಮನ್. 1981ರಲ್ಲಿ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಪಾರ್ಕ್‌ನಲ್ಲಿ ಅವರೂ ಇನ್ನೊಬ್ಬ ಗಿಟಾರ್ ವಾದಕ ಕೆರಿ ಕಿಂಗ್ ಅವರೂ ಸೇರಿ ತಂಡ ಕಟ್ಟಿದರು. ಬೇಸ್ ಗಿಟಾರ್ ಮತ್ತು ಹಾಡುಗಾರಿಕೆಗೆ ಚಿಲಿಯಲ್ಲಿ ಹುಟ್ಟಿದ ಟಾಮ್ ಅರಾಯಾ, ಡ್ರಮ್ಸ್‌ಗೆ ಕ್ಯೂಬಾದ ಹವಾನಾದಲ್ಲಿ ಹುಟ್ಟಿದ ಡೇವ್ ಲೊಂಬಾರ್ಡೊ. ಅರಾಯಾ ಆಗ ಉಸಿರಾಟದ ಚಿಕಿತ್ಸಕರಾಗಿ ಕೆಲಸ ಮಾಡುತ್ತಿದ್ದರು. ಅವರ ಉಳಿತಾಯಕ್ಕೆ ಕಿಂಗ್ ಅವರ ತಂದೆಯಿಂದ ಪಡೆದ ಸಾಲ ಸೇರಿಸಿ 1983ರ ಮೊದಲ ಆಲ್ಬಂ ಮುಗಿಸಿದರು.

ಆ ಆಲ್ಬಂನ ಧ್ವನಿಮುದ್ರಣದಲ್ಲಿ ಸಿಂಬಲ್‌ಗಳ (ಲೋಹದ ತಟ್ಟೆಗಳ) ಸದ್ದು ಡ್ರಮ್ಸ್ ಜೊತೆ ಕಲಸಿಹೋಗಬಾರದೆಂದು ಲೊಂಬಾರ್ಡೊ ಅವರಿಂದ ಸಿಂಬಲ್ ಇಲ್ಲದೆಯೇ ಪೂರ್ತಿ ನುಡಿಸಿ, ಅವನ್ನು ಆಮೇಲೆ ಬೇರೆಯಾಗಿ ಸೇರಿಸಿದ್ದರು. ಇದನ್ನೇ ಅಭ್ಯಾಸವಾಗಿ ಮಾಡಿಕೊಂಡಿದ್ದೇನೆ. ಸಿಂಬಲ್ ಪ್ಯಾಡ್‌ಗಳ ವೈರ್ ಕಳಚಿ ನುಡಿಸಿದರೆ ಸ್ನೇರ್ ಮತ್ತು ಬೇಸ್ ಡ್ರಮ್ ನಡುವಿನ ಅಂತರ ಬಟಾಬಯಲಾಗುತ್ತದೆ. ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್‌ನ ಗಲಾಟೆಯಲ್ಲಿ ಎಷ್ಟೊಂದು ಮುಚ್ಚಿಹೋಗುತ್ತದೆ ಎಂಬುದು ಆಗ ತಿಳಿಯುತ್ತದೆ.

ಜುಲೈ

ಈ ತಿಂಗಳು ಪೂರ್ತಿ ‘ಏಂಜೆಲ್ ಆಫ್ ಡೆತ್’. ಮೊದಲ ಹಾಡು, ಐದು ನಿಮಿಷದ ಹತ್ತಿರ, ಸುಮಾರು 210 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್). ಹಾಡಿನ ಕೊನೆಯ ಭಾಗದಲ್ಲಿ ಗಿಟಾರ್‌ಗಳು ತಟ್ಟನೆ ನಿಂತು, ಲೊಂಬಾರ್ಡೊ ಅವರ ಎರಡು ಪಾದಗಳು ಮಾತ್ರ ಉಳಿಯುತ್ತವೆ. ಕೆಲವೇ ಸೆಕೆಂಡ್. ಡಬಲ್ ಬೇಸ್, ಅಂದರೆ ಎರಡೂ ಪಾದಗಳಿಂದ ಬೇಸ್ ಡ್ರಮ್ ನುಡಿಸುವುದನ್ನು, ಕಲಿಯುವವರೆಲ್ಲ ಒಮ್ಮೆ ಹಣೆ ಚಚ್ಚಿಕೊಳ್ಳುವ ಜಾಗ ಅದು.

ಬಲಗಾಲು ಸುಧಾರಿಸಿದೆ, ಎಡಗಾಲು ಸೋಮಾರಿ. ಹಾಗಾಗಿ ತಾಳ ಎಣಿಸುವ ಮೆಟ್ರೊನೋಮ್ ಅನ್ನು 120ಕ್ಕೆ ಇಳಿಸಿ, ಮುಖ್ಯ ಬೀಟನ್ನು ಎಡಗಾಲಿನಿಂದಲೇ ಆರಂಭಿಸಿ ನುಡಿಸುತ್ತಿದ್ದೇನೆ. ವೇಗ ಏರಿದಂತೆ ಚಲನೆ ತೊಡೆಯಿಂದ ಕಣಕಾಲಿಗೆ ಇಳಿಯಬೇಕು. ಸುಮಾರು 170ರ ಆಸುಪಾಸಿನಲ್ಲಿ ಅತ್ತ ತೊಡೆಯೂ ಅಲ್ಲದ, ಇತ್ತ ಕಣಕಾಲೂ ಅಲ್ಲದ ಒಂದು ತ್ರಿಶಂಕು ಸ್ಥಿತಿ ಬರುತ್ತದೆ. ಸದ್ಯಕ್ಕೆ ನನ್ನ ವಾಸ ಅಲ್ಲೇ.

ಹಾಡಿನ ವಸ್ತುವಿನ ಬಗ್ಗೆಯೂ ಒಂದು ಮಾತು. ಇದು ಆಶ್‌ವಿಟ್ಜ್‌ನಲ್ಲಿ ಕೈದಿಗಳ ಮೇಲೆ ಪ್ರಯೋಗ ನಡೆಸಿದ ನಾಜಿ ವೈದ್ಯ ಮೆಂಗೆಲೆಯ ಕುರಿತದ್ದು. ಈ ಹಾಡು ಮತ್ತು ಮುಖಪುಟದ ಚಿತ್ರದಿಂದಾಗಿ ಕೊಲಂಬಿಯಾ ರೆಕಾರ್ಡ್ ಸಂಸ್ಥೆ ವಿತರಣೆಗೆ ಒಪ್ಪಲಿಲ್ಲ, ಕೊನೆಗೆ ಗೆಫೆನ್ ಮೂಲಕ ಆಲ್ಬಂ ಹೊರಬಂತು. ನಾಜಿಗಳ ಪರ ಎಂಬ ಆರೋಪವನ್ನು ತಂಡ ಉದ್ದಕ್ಕೂ ಅಲ್ಲಗಳೆಯಿತು. ಸಾಹಿತ್ಯದಲ್ಲಿ ಹೊಗಳಿಕೆ ನನಗಂತೂ ಕಾಣುವುದಿಲ್ಲ. ಆದರೆ ಕ್ರೌರ್ಯವನ್ನು ಅಷ್ಟು ತಣ್ಣಗೆ ಪಟ್ಟಿ ಮಾಡುವುದು ಕಸಿವಿಸಿ ಹುಟ್ಟಿಸುತ್ತದೆ, ಪಾದ ಕುಣಿಯುವಾಗ ಇನ್ನೂ ಹೆಚ್ಚು.

ಆಗಸ್ಟ್

ಕಿಟ್‌ನ ಸದ್ದು ಹೊರಡಿಸುವ ಮಾಡ್ಯೂಲ್‌ನಲ್ಲಿ ರಿವರ್ಬ್ (ಅನುರಣನ) ಪೂರ್ತಿ ಆರಿಸಿದೆ. ಈ ಆಲ್ಬಂನ ನಿಜವಾದ ಪಾಠ ಇಲ್ಲೇ ಇದೆ ಎಂಬುದು ನನ್ನ ವಾದ. ನಿರ್ಮಾಪಕ ರಿಕ್ ರೂಬಿನ್ ಅಲ್ಲಿಯವರೆಗೆ ಹೆಸರು ಮಾಡಿದ್ದು ಹಿಪ್-ಹಾಪ್‌ನಲ್ಲಿ. ಅವರೂ ಎಂಜಿನಿಯರ್ ಆ್ಯಂಡಿ ವಾಲೇಸ್ ಅವರೂ ಸೇರಿ, ಹಿಂದಿನ ಆಲ್ಬಂ ‘ಹೆಲ್ ಅವೇಟ್ಸ್’ನಲ್ಲಿ ತುಂಬಿದ್ದ ಅನುರಣನವನ್ನೆಲ್ಲ ಕಿತ್ತೊಗೆದರು. ವೇಗ ಹೆಚ್ಚಿದಷ್ಟೂ ಸದ್ದು ಒಣಗಿರಬೇಕು, ಇಲ್ಲದಿದ್ದರೆ ಒಂದು ಪೆಟ್ಟಿನ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಅನುಕರಿಸಿದವರಲ್ಲಿ ಹಲವರು ವೇಗವನ್ನಷ್ಟೇ ತೆಗೆದುಕೊಂಡು ಈ ಮಿತವ್ಯಯವನ್ನು ಬಿಟ್ಟರು.

ಪ್ರಭಾವದ ಹರವು ಮಾತ್ರ ವಿಚಿತ್ರ. ಡೆತ್ ಮೆಟಲ್‌ನ ತಂಡಗಳು ಸ್ಲೇಯರ್‌ಗೆ ಋಣಿ ಎನ್ನುವುದು ಹಳೆಯ ಮಾತು. ನನಗೆ ಹೆಚ್ಚು ಇಷ್ಟವಾಗುವುದು ಅಡ್ಡದಾರಿಯಲ್ಲಿ ಹೋದದ್ದು: ‘ಏಂಜೆಲ್ ಆಫ್ ಡೆತ್’ ನಡುವಿನ ನಿಧಾನದ ರಿಫ್ಫನ್ನು (ಮರುಕಳಿಸುವ ಗಿಟಾರ್ ತುಣುಕನ್ನು) ಹಿಪ್-ಹಾಪ್ ತಂಡ ಪಬ್ಲಿಕ್ ಎನಿಮಿ 1988ರಲ್ಲಿ ರ‍್ಯಾಪ್ ಹಾಡಿಗೆ ಎತ್ತಿಕೊಂಡಿತು. 2001ರಲ್ಲಿ ಗಾಯಕಿ ಟೋರಿ ಏಮಸ್ ಆಲ್ಬಂನ ಕೊನೆಯ ಹಾಡು ‘ರೇನಿಂಗ್ ಬ್ಲಡ್’ ಅನ್ನು ಪಿಯಾನೋ ಮುಂದೆ ಕೂತು ಹಾಡಿದರು.

ಬೆಂಗಳೂರಿಗೂ ಒಂದು ಎಳೆ ಇದೆ. 2012ರ ಅಕ್ಟೋಬರ್‌ನಲ್ಲಿ ಸ್ಲೇಯರ್ ಇಲ್ಲಿ ನುಡಿಸಿತು. ಅನಾರೋಗ್ಯದಲ್ಲಿದ್ದ ಹ್ಯಾನಿಮನ್ ಬದಲು ಎಕ್ಸೋಡಸ್ ತಂಡದ ಗ್ಯಾರಿ ಹೋಲ್ಟ್ ಬಂದಿದ್ದರು, ಡ್ರಮ್ಸ್‌ನಲ್ಲಿ ಲೊಂಬಾರ್ಡೊ. ಕೆಲವೇ ತಿಂಗಳಲ್ಲಿ ಹಣದ ತಕರಾರಿನಿಂದ ಲೊಂಬಾರ್ಡೊ ಹೊರಬಿದ್ದರು, 2013ರ ಮೇ 2ರಂದು ಹ್ಯಾನಿಮನ್ ತೀರಿಕೊಂಡರು. ತಂಡ 2019ರ ನವೆಂಬರ್‌ನಲ್ಲಿ ವಿದಾಯ ಹೇಳಿ, 2024ರಲ್ಲಿ ಮತ್ತೆ ವೇದಿಕೆ ಹತ್ತಿತು. ಮೆಟಲ್ ತಂಡಗಳ ನಿವೃತ್ತಿ ರಾಜಕಾರಣಿಗಳದ್ದಕ್ಕಿಂತ ಹೆಚ್ಚು ಬಾಳುವುದಿಲ್ಲ.

ಸೆಪ್ಟೆಂಬರ್

‘ರೇನಿಂಗ್ ಬ್ಲಡ್’ನ ಆರಂಭ ಕೈಗೆ ಕೂತಿದೆ: ಗಿಟಾರ್‌ಗಳ ಗೋಳಾಟದ ಕೆಳಗೆ ಟಾಮ್ ಎಂಬ ಡ್ರಮ್‌ಗಳ ಮೇಲೆ ಮೂರು ಪೆಟ್ಟು, ಬಿಡುವು, ಮತ್ತೆ ಮೂರು. ಬಿಡುವನ್ನು ಎಣಿಸದೆ ಕಾಯುವುದು ಕಷ್ಟ, ಆತುರದ ಕೈ ಮುಂದೆ ನುಗ್ಗುತ್ತದೆ.

ಹತ್ತರಲ್ಲಿ ಆರು ಹಾಡುಗಳು ಮೂಲ ವೇಗದಲ್ಲಿ ಬರುತ್ತಿವೆ. ‘ಏಂಜೆಲ್ ಆಫ್ ಡೆತ್’ 190ರಲ್ಲಿ ನಿಂತಿದೆ. ಅದನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು, 1988ರ ‘ಸೌತ್ ಆಫ್ ಹೆವನ್’ ಶೀರ್ಷಿಕೆ ಹಾಡನ್ನು ಎತ್ತಿಕೊಂಡಿದ್ದೇನೆ. ಹಿಂದಿನ ಆಲ್ಬಂನ ವೇಗವನ್ನು ಮೀರಿಸುವ ಗೋಜಿಗೆ ಹೋಗದೆ ತಂಡ ಬೇಕೆಂದೇ ನಿಧಾನಿಸಿದ ಕಾಲದ್ದು. ಇಲ್ಲಿ ಎರಡು ಪೆಟ್ಟುಗಳ ನಡುವೆ ಧಾರಾಳ ಜಾಗವಿದೆ, ನನ್ನ ಎಡಗಾಲಿನ ಏರುಪೇರೂ ಅಷ್ಟೇ ಧಾರಾಳವಾಗಿ ಕೇಳುತ್ತದೆ. ಪೆಡಲ್‌ನ ಸ್ಪ್ರಿಂಗ್ ಎರಡು ಸುತ್ತು ಬಿಗಿ ಮಾಡಿದ್ದೇನೆ. ಪರಿಣಾಮ ಮುಂದಿನ ತಿಂಗಳು ಬರೆಯುತ್ತೇನೆ.