ಪೈಥಾನ್ ತಾಣದ ಹಳೆಯ ಮುಖಗಳು: ಕೆಲಸ ಎಲ್ಲಿಗೆ ಬಂತು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಧಿಕೃತ ತಾಣದ ಮುಖಪುಟವನ್ನು ಮೂರು ಕಾಲದ ರೂಪಗಳಲ್ಲಿ ಕೈಯಾರೆ ಮತ್ತೆ ಕಟ್ಟಿ, ಒಳಗಿನ ಬರಹವನ್ನು ಕನ್ನಡದಲ್ಲಿ ತುಂಬುವುದು ಈಗ ನನ್ನ ಬಿಡುವಿನ ಕೆಲಸ. ಆಯಾ ಕಾಲದಲ್ಲಿ ಇದ್ದ ತಂತ್ರವನ್ನಷ್ಟೇ ಬಳಸಬೇಕು ಎಂಬ ಒಂದು ನಿಯಮ ಹಾಕಿಕೊಂಡಿದ್ದೇನೆ. ಆಕರವೆಲ್ಲ ಹಳೆಯ ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ನದು. ಅಲ್ಲಿ ಬರಹ ಸಿಕ್ಕರೂ ಚಿತ್ರಗಳು ಬಹಳ ಕಡೆ ಉಳಿದಿಲ್ಲ, ಹಾಗಾಗಿ ಕೆಲವನ್ನು ನಾನೇ ಬಿಡಿಸಿಕೊಳ್ಳಬೇಕಾಗುತ್ತದೆ.

ಮೊದಲ ಪುಟ, ಅಂದರೆ 2006ಕ್ಕೆ ಮುಂಚಿನದು, ಮುಗಿದಿದೆ. ಎಡಗಡೆ ಕೊಂಡಿಗಳ ಉದ್ದನೆಯ ಪಟ್ಟಿ, ಬಲಗಡೆ ಬರಹ, ಎರಡನ್ನೂ ಹಿಡಿದು ನಿಲ್ಲಿಸಿರುವುದು ಟೇಬಲ್. ಅಂದಿನ ಪುಟಗಳನ್ನು ತಯಾರಿಸುತ್ತಿದ್ದದ್ದು ಬ್ಯಾರಿ ವಾರ್ಸಾ ಬರೆದ ಎಚ್‌ಟಿ2ಎಚ್‌ಟಿಎಂಎಲ್ ಎಂಬ ಪುಟ್ಟ ಪೈಥಾನ್ ಪ್ರೋಗ್ರಾಂ. ಅದಕ್ಕೆ ಉಣಿಸುವ ಕಡತವನ್ನು ತೆರೆದರೆ ಇಮೇಲ್ ನೋಡಿದಂತೆಯೇ ಅನ್ನಿಸುತ್ತದೆ: ಮೇಲೆ ಶೀರ್ಷಿಕೆಯ ಸಾಲು, ಒಂದು ಖಾಲಿ ಸಾಲು, ಕೆಳಗೆ ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್. ಪಕ್ಕದ ಪಟ್ಟಿಯ ಕೊಂಡಿಗಳು ಬೇರೊಂದು ಕಡತದಲ್ಲಿರುತ್ತವೆ, ಪ್ರೋಗ್ರಾಂ ಎರಡನ್ನೂ ಹೊಲಿದು ಪುಟ ಕೊಡುತ್ತದೆ. ಇಂದು ಸ್ಟ್ಯಾಟಿಕ್ ಸೈಟ್ ಜನರೇಟರ್ ಎಂದು ಹೆಸರಿಟ್ಟು ಮೆರೆಸುವ ಉಪಕರಣಗಳು ಮಾಡುವ ಮುಖ್ಯ ಕೆಲಸವೂ ಇದೇ. ಮೇಲ್ಭಾಗದ ಬ್ಯಾನರ್ ಚಿತ್ರಗಳಿಗೆ ಪೈಬ್ಯಾನರ್ ಎಂಬ ಹೆಸರಿನ ಮುಂದೆ ಅಂಕಿ ಹಾಕಿ ಸಾಲಾಗಿ ಇಟ್ಟಿದ್ದರು. ಪುಟ ಬದಲಾದರೆ ಬ್ಯಾನರೂ ಬದಲಾಗುತ್ತಿತ್ತು. ತಾಣಕ್ಕೆ ಒಂದೇ ಗುರುತು ಇರಬೇಕೆಂಬ ಹಟ ಯಾರಿಗೂ ಇದ್ದಂತಿಲ್ಲ. ಬಂದವನಿಗೆ ಪೈಥಾನ್ ಏನೆಂದು ಗೊತ್ತಿದೆ, ತನಗೆ ಬೇಕಾದ ಕೊಂಡಿಯನ್ನು ಅವನೇ ಹುಡುಕಿಕೊಳ್ಳುತ್ತಾನೆ ಎಂಬ ನಂಬಿಕೆ ಪುಟದ ತುಂಬ ಕಾಣುತ್ತದೆ.

ಈ ಪುಟಕ್ಕೆ ಕನ್ನಡ ಸಲೀಸಾಗಿ ಕೂತಿತು. ಎತ್ತರ ಇಷ್ಟೇ ಎಂದು ಕಟ್ಟಿಹಾಕದ ಟೇಬಲ್ ಕೋಶ ಒಳಗಿನ ಬರಹಕ್ಕೆ ತಕ್ಕಂತೆ ಬೆಳೆಯುತ್ತದೆ, ಒತ್ತಕ್ಷರ ಎಷ್ಟು ಕೆಳಗೆ ಇಳಿದರೂ ಅದಕ್ಕೆ ಚಿಂತೆಯಿಲ್ಲ.

2006ರ ಪುಟ ಅರ್ಧಕ್ಕೆ ನಿಂತಿದೆ. ಎರಡು ಹಾವುಗಳ ನೀಲಿ-ಹಳದಿ ಲೋಗೋ ಬಂದದ್ದು ಈ ವಿನ್ಯಾಸದೊಂದಿಗೆ. ಎರಡೂ ಟಿಮ್ ಪಾರ್ಕಿನ್ ಅವರ ಕೆಲಸ. ಬಿಳಿ ಹಿನ್ನೆಲೆ, ಚಿಕ್ಕ ಅಕ್ಷರ, ಅಚ್ಚುಕಟ್ಟಾದ ಅಂಚುಗಳು. ಮುಖಪುಟದಲ್ಲಿ ನಾಸಾ ಪೈಥಾನ್ ಬಳಸುತ್ತದೆ ಎಂದು ಎದ್ದು ಕಾಣುವಂತೆ ಹಾಕಿದ್ದರು. ಇಲ್ಲಿ ತಾಣ ಮಾತನಾಡುತ್ತಿರುವುದು ಪ್ರೋಗ್ರಾಮರ್ ಜೊತೆಗಲ್ಲ, ಅವನ ಮೇಲಧಿಕಾರಿಯ ಜೊತೆ. ಈ ಭಾಷೆಯಲ್ಲಿ ನಮ್ಮ ಕೆಲಸ ಮಾಡಿದರೆ ನಂಬಬಹುದೇ ಎಂದು ಕೇಳುವವರಿಗೆ ಕೊಟ್ಟ ಉತ್ತರ ಅದು. ನನಗೆ ಮೂರರಲ್ಲಿ ಕಡಿಮೆ ಇಷ್ಟವಾದದ್ದು ಇದೇ, ಆದರೆ ಹೆಚ್ಚು ಹೊತ್ತು ಕೂತದ್ದೂ ಇದರ ಮುಂದೆಯೇ. ಕಾರಣ ಅಕ್ಷರದ ಅಳತೆ. ಇಂಗ್ಲಿಷ್‌ಗೆ ಚೆನ್ನಾಗಿ ಒಪ್ಪುವ ಹನ್ನೊಂದು-ಹನ್ನೆರಡು ಪಿಕ್ಸೆಲ್‌ನಲ್ಲಿ ‘ಸ್ಕ್ರಿಪ್ಟ್’ ಎಂದು ಬರೆದರೆ ಕೆಳಗಿನ ಒತ್ತುಗಳು ಕಲಸಿಹೋಗುತ್ತವೆ. ಎತ್ತರ ನಿಗದಿ ಮಾಡಿದ ಪಟ್ಟಿಯಲ್ಲಿ ಅವು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಸಾಲಿನ ಎತ್ತರವನ್ನು ಅಕ್ಷರದ ಒಂದೂಮುಕ್ಕಾಲು ಪಟ್ಟು ಮಾಡಿದ ಮೇಲೆ ಓದಲು ಬಂತು, ಆದರೆ ಎಡಗಡೆಯ ಪಟ್ಟಿ ಪರದೆಯಿಂದ ಕೆಳಗೆ ಜಾರಿತು. ಕೊಂಡಿಗಳನ್ನು ಕಡಿಮೆ ಮಾಡುವುದೋ, ಅಗಲ ಹೆಚ್ಚಿಸುವುದೋ ಇನ್ನೂ ತೀರ್ಮಾನಿಸಿಲ್ಲ.

2014ರ ವಿನ್ಯಾಸ ತಾಣ ಕಟ್ಟುವ ಪೈಥಾನ್ ಚೌಕಟ್ಟಾದ ಜ್ಯಾಂಗೋ ಮೇಲೆ ನಿಂತಿದೆ, ಅದರ ಕೋಡ್ ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಹಾಗಾಗಿ ಊಹೆಗೆ ಕೆಲಸವಿಲ್ಲ. ಕಡುನೀಲಿ ತಲೆಭಾಗದ ನಡುವೆ ಒಂದು ಕೋಡ್ ಕಿಟಕಿ, ಅದರಲ್ಲಿ ಹಿಂದಿನ ಎರಡನ್ನು ಕೂಡಿ ಮುಂದಿನ ಅಂಕಿ ಪಡೆಯುವ ಫಿಬೊನಾಚಿ ಸರಣಿ: 0 1 1 2 3 5 8 ಎಂದು 987ರ ತನಕ. ಪಕ್ಕದ ಗುಂಡಿ ಒತ್ತಿದರೆ ಬ್ರೌಸರ್‌ನಲ್ಲೇ ಪೈಥಾನ್ ತೆರೆದುಕೊಂಡು ಅಲ್ಲೇ ಟೈಪ್ ಮಾಡಿ ನೋಡಬಹುದು. ಹೊಸದಾಗಿ ಕಲಿಯಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಸ್ವಾಗತವಿಲ್ಲ. ಡೌನ್‌ಲೋಡ್ ಪುಟದಲ್ಲಿ ಮಾತ್ರ ಆಗ ಪೈಥಾನ್ 3 ಮತ್ತು 2.7 ಎಂಬ ಎರಡು ಆವೃತ್ತಿಗಳ ಗುಂಡಿಗಳೂ ಅಕ್ಕಪಕ್ಕ ಇದ್ದವು. ಯಾವುದನ್ನು ಒತ್ತಬೇಕೆಂದು ತಿಳಿಯಲು ಇನ್ನೊಂದು ಪುಟ ಓದಬೇಕಿತ್ತು. 2020ರಲ್ಲಿ ಪೈಥಾನ್ 2ರ ಬೆಂಬಲ ಮುಗಿಯುವವರೆಗೂ ಭಾಷೆಯ ಒಳಗಿನ ಆ ಜಗ್ಗಾಟವನ್ನು ಯಾವ ವಿನ್ಯಾಸಕಾರನೂ ಮುಚ್ಚಿಡಲು ಸಾಧ್ಯವಿರಲಿಲ್ಲ.

ಈ ಪುಟದ ಶೀರ್ಷಿಕೆಗಳಿಗೆ ಫ್ಲಕ್ಸ್, ಬರಹಕ್ಕೆ ಸೋರ್ಸ್ ಸ್ಯಾನ್ಸ್ ಫಾಂಟ್ ಇವೆ. ಎರಡರಲ್ಲೂ ಕನ್ನಡ ಇಲ್ಲದ ಕಾರಣ ನೋಟೋ ಸ್ಯಾನ್ಸ್ ಕನ್ನಡ ಹಾಕಿದೆ. ಫ್ಲಕ್ಸ್‌ನ ದುಂಡು ಚೆಲುವು ಅದರಲ್ಲಿ ಬರುವುದಿಲ್ಲ, ಸದ್ಯಕ್ಕೆ ಇರಲಿ.

ಕೋಡ್ ಕಿಟಕಿಯಲ್ಲಿಯೂ ಕನ್ನಡ ಹೆಸರುಗಳನ್ನೇ ಇಟ್ಟು ನೋಡಿದೆ. ಪೈಥಾನ್ 3 ಅದಕ್ಕೆ ಒಪ್ಪುತ್ತದೆ: ‘ಹಿಂದಿನ, ಈಗಿನ = 0, 1’ ಎಂಬ ಸಾಲು ತಕರಾರಿಲ್ಲದೆ ಓಡಿತು. ಫಂಕ್ಷನ್‌ಗೆ ‘ಫಿಬ್‌ಸಾಲು’ ಎಂದು ಹೆಸರಿಟ್ಟ ಕೂಡಲೇ ದೋಷ ಬಂತು. ‘ಬ್’ ಮತ್ತು ‘ಸಾ’ ಕೂಡಿ ಒತ್ತಾಗದಂತೆ ತಡೆಯಲು ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನ 200ಸಿ, ಅದು ಹೆಸರಿನೊಳಗೆ ಇರುವಂತಿಲ್ಲ. ತೆಗೆದರೆ ‘ಫಿಬ್ಸಾಲು’ ಆಗಿ ಓಡುತ್ತದೆ, ಆದರೆ ಕಣ್ಣಿಗೆ ಒಪ್ಪುವುದಿಲ್ಲ. ಕೊನೆಗೆ ‘ಸರಣಿ’ ಎಂದಿಟ್ಟೆ.

ಮುಂದೆ ಇದೇ ಪುಟವನ್ನು ಮೊಬೈಲ್ ಅಗಲಕ್ಕೆ ಹೊಂದಿಸಬೇಕು. ಮೆನುವಿನ ಕನ್ನಡ ಪದಗಳು ಒಂದೇ ಸಾಲಿನಲ್ಲಿ ಕೂರುತ್ತಿಲ್ಲ. ‘ಯಶೋಗಾಥೆಗಳು’ ಎಂಬುದನ್ನು ಮೊದಲು ಚಿಕ್ಕದು ಮಾಡಬೇಕಿದೆ.